ಸ್ಪ್ರಿಂಗ್ ಬದಲಿಸುವ ಮುನ್ನ ಟೇಪ್ ಹಿಡಿಯಿರಿ

ಕೇಳುಗರಿಗೆ ನಮಸ್ಕಾರ. ಕಾರಿನ ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಸಂದಿ ಕಂಡರೆ, ಗಾಡಿ ಇನ್ನೊಂದಿಷ್ಟು ಕೆಳಗೆ ಕೂತಿದ್ದರೆ ಚೆಂದವಿತ್ತು ಅನ್ನಿಸುತ್ತದೆ. ಹಾಗೆಂದು ಸ್ಪೋರ್ಟ್ ಸ್ಪ್ರಿಂಗ್ ಕೇಳಿಕೊಂಡು ಹೋಗುವವರು ನಮ್ಮ ದುರ್ಗ, ದಾವಣಗೆರೆಯಲ್ಲೂ ಇದ್ದಾರೆ. ಆದರೆ ಗುಂಡಿ ಸಿಕ್ಕಾಗ ಚಕ್ರ ಮೇಲೇಳುವುದು ಆ ಸಂದಿಯೊಳಗೇ. ಅದನ್ನು ಎಷ್ಟು ಕಡಿಮೆ ಮಾಡಬಹುದು ಅನ್ನುವುದಕ್ಕೆ ಲೆಕ್ಕವಿದೆ.

ಸ್ಪೋರ್ಟ್ ಸ್ಪ್ರಿಂಗ್, ಗಾಡಿಯ ಜೊತೆಗೇ ಬಂದ ಕಂಪನಿ ಸ್ಪ್ರಿಂಗಿಗಿಂತ ಗಿಡ್ಡ, ಜೊತೆಗೆ ಬಿಗಿ. ಬಿಗಿ ಹೆಚ್ಚುವುದು ಕಂಬಿಯ ದಪ್ಪದಿಂದ, ಸುತ್ತು ಕಡಿಮೆಯಾಗುವುದರಿಂದ. 12 ಮಿಲಿಮೀಟರ್ ಕಂಬಿಯ ಬದಲು 13 ಮಿಲಿಮೀಟರ್ ಬಂದರೆ, ಉಳಿದದ್ದೆಲ್ಲ ಹಾಗೇ ಇದ್ದರೂ ಬಿಗಿ ಸುಮಾರು ಶೇಕಡ 38ರಷ್ಟು ಏರುತ್ತದೆ. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಸೊಂಟಕ್ಕೆ ಮಾತ್ರ ಗೊತ್ತಾಗುತ್ತದೆ.

ಒಂದು ಸಣ್ಣ ಕಾರನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಹಿಂದಿನ ಒಂದೊಂದು ಚಕ್ರವನ್ನು ಒಂದು ಮಿಲಿಮೀಟರ್ ಅದುಮಲು 2 ಕಿಲೋ ಭಾರ ಬೇಕು. ಬಂಪ್ ಸ್ಟಾಪ್, ಅಂದರೆ ಚಕ್ರ ತೀರಾ ಮೇಲೇರದಂತೆ ತಡೆಯುವ ರಬ್ಬರ್ ತುಂಡು, ತಾಗುವವರೆಗೆ ಚಕ್ರಕ್ಕೆ 80 ಮಿಲಿಮೀಟರ್ ಜಾಗವಿದೆ. ಮನೆಮಂದಿಯೆಲ್ಲ ಹತ್ತಿ, ಡಿಕ್ಕಿಯಲ್ಲಿ ಮೂಟೆಯನ್ನೂ ಇಟ್ಟರೆ ಹಿಂದಿನ ಪ್ರತಿ ಚಕ್ರದ ಮೇಲೆ 100 ಕಿಲೋ ಹೆಚ್ಚುತ್ತದೆ. ಗಾಡಿ 50 ಮಿಲಿಮೀಟರ್ ಕುಸಿದು, ಗುಂಡಿಗೆಂದು 30 ಉಳಿಯುತ್ತದೆ. ಈಗ 30 ಮಿಲಿಮೀಟರ್ ತಗ್ಗಿಸುವ, ಎರಡೂವರೆ ಕಿಲೋ ಬಿಗಿಯ ಸ್ಪ್ರಿಂಗ್ ಹಾಕಿ. ಅದೇ ಭಾರಕ್ಕೆ 40 ಮಾತ್ರ ಕುಸಿಯುತ್ತದೆ, ಸರಿ. ಆದರೆ ಮೊದಲೇ 30 ಹೋಗಿದೆ. ಉಳಿದದ್ದು 10 ಮಿಲಿಮೀಟರ್, ಅಂದರೆ ಒಂದು ಬೆರಳಿನಷ್ಟೂ ಇಲ್ಲ. ಆಮೇಲೆ ಪ್ರತಿ ಗುಂಡಿಗೂ ಬಂಪ್ ಸ್ಟಾಪಿಗೆ ಹೊಡೆತ, ಅಲ್ಲಿಂದ ಗಾಡಿಯ ಮೈಗೆ.

ನೆಲದಿಂದ ಎತ್ತರದ ಲೆಕ್ಕವೂ ಹೀಗೇ. ಖಾಲಿ ಗಾಡಿಗೆ 170 ಮಿಲಿಮೀಟರ್ ಇದ್ದರೆ, ಅದೇ ಭಾರ ಹೊತ್ತಾಗ ಹಿಂಭಾಗದಲ್ಲಿ ಕಂಪನಿ ಸ್ಪ್ರಿಂಗಿನ ಮೇಲೆ 120 ಉಳಿಯುತ್ತದೆ, ಸ್ಪೋರ್ಟ್ ಸ್ಪ್ರಿಂಗಿನ ಮೇಲೆ 100. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಷ್ಟು ಅಗಲವಿದ್ದರೆ ನಾಲ್ಕೂ ಚಕ್ರ ಉಬ್ಬಿನ ಮೇಲೇ ನಿಲ್ಲುವುದರಿಂದ ಗಾಡಿಯ ಹೊಟ್ಟೆಗೆ ಎದುರಾಗುವುದು ನಾಲ್ಕೇ ಸೆಂಟಿಮೀಟರ್. ತಗ್ಗಿಸಿದ ಕಾರೂ ದಾಟುತ್ತದೆ. ತೊಂದರೆಯೆಲ್ಲ ಊರ ಬಾಗಿಲಲ್ಲಿ ಅಳತೆಯಿಲ್ಲದೆ ಹಾಕಿದ ಕಡಿದಾದ ದಿಬ್ಬದ್ದು. 12 ಸೆಂಟಿಮೀಟರ್ ದಿಬ್ಬ ಎರಡು ಚಕ್ರಗಳ ನಡುವೆ ಬಂದರೆ ಸೈಲೆನ್ಸರ್ ಉಜ್ಜಿಯೇ ಉಜ್ಜುತ್ತದೆ.

ಹೈವೇಯಲ್ಲಿ ಸ್ಪೋರ್ಟ್ ಸ್ಪ್ರಿಂಗಿನ ಗುಣ ಇರುವುದು ನಿಜ. ಚಿತ್ರದುರ್ಗದಿಂದ ದಾವಣಗೆರೆವರೆಗೆ ಲೇನ್ ಬದಲಿಸುವಾಗ ಗಾಡಿ ಕಡಿಮೆ ವಾಲುತ್ತದೆ, ಬ್ರೇಕಿಗೆ ಮೂತಿ ಕಡಿಮೆ ಬಗ್ಗಿಸುತ್ತದೆ. ಹೈವೇ ಇಳಿದು ಎರೆಭೂಮಿಯ ಮೇಲಿನ ರಸ್ತೆಗೆ ಬಂದರೆ ಕಥೆ ಬೇರೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಡಾಂಬರು ಅಲೆ ಅಲೆಯಾಗಿರುತ್ತದೆ. ಅಲ್ಲಿ ಹಳೆಯ ಶಾಕ್ ಅಬ್ಸಾರ್ಬರ್ ಮೇಲೆ ಬಿಗಿ ಸ್ಪ್ರಿಂಗ್ ಕೂತಿದ್ದರೆ, ಅದು ಮೇಲಕ್ಕೆ ಒದೆಯುವುದನ್ನು ಹಿಡಿಯಲು ಶಾಕಿಗೆ ಆಗುವುದಿಲ್ಲ. ಗಾಡಿ ಒಂದು ಅಲೆಗೆ ಎರಡು ಸಲ ಕುಣಿಯುತ್ತದೆ. ಹಾಕಲೇಬೇಕೆಂದಿದ್ದರೆ ಸ್ಪ್ರಿಂಗ್, ಶಾಕ್ ಒಂದಕ್ಕೊಂದು ಹೊಂದುವ ಸೆಟ್ ತೆಗೆದುಕೊಳ್ಳಿ, 20 ಮಿಲಿಮೀಟರಿಗಿಂತ ಹೆಚ್ಚು ತಗ್ಗಿಸಬೇಡಿ. ಮನೆಮಂದಿ ಓಡಾಡುವ ಗಾಡಿಗೆ ನಮ್ಮ ಭಾಗದಲ್ಲಿ ಕಂಪನಿ ಸ್ಪ್ರಿಂಗೇ ಸರಿ. ಇನ್ನೊಂದು ಮಾತು: ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಡಿವಾಣ ಹಾಕಿದೆ. ಆರ್‌ಟಿಒದಲ್ಲೂ ವಿಮೆಯವರಲ್ಲೂ ಮೊದಲೇ ವಿಚಾರಿಸಿ.

ಇರುವ ಸ್ಪ್ರಿಂಗಿನ ಸುತ್ತು ಕತ್ತರಿಸುವುದು ಮಾತ್ರ ಬೇಡವೇ ಬೇಡ. ಆರು ಸುತ್ತಿನಲ್ಲಿ ಒಂದು ಕತ್ತರಿಸಿದರೆ ಬಿಗಿ ಶೇಕಡ 20 ಏರುತ್ತದೆ. ಅದಕ್ಕಿಂತ ಅಪಾಯ ಇನ್ನೊಂದಿದೆ. ಕತ್ತರಿಸಿದ ತುದಿ, ಸ್ಪ್ರಿಂಗ್ ಕೂರುವ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಯಲ್ಲಿ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಟ್ಟು ಸರಿಯುತ್ತದೆ. ಗ್ಯಾಸಿನಲ್ಲಿ ಕಾಯಿಸಿ ತಗ್ಗಿಸಿದರೆ ಉಕ್ಕಿನ ಹದವೇ ಹೋಗುತ್ತದೆ.

ಈಗ ಟೇಪಿನ ಕೆಲಸ. ಸಮನೆಲ, ಟೈರಿಗೆ ಸರಿಯಾದ ಗಾಳಿ, ಖಾಲಿ ಡಿಕ್ಕಿ. ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ ನಿಲ್ಲಿಸಿ. ನಾಲ್ಕೂ ಕಡೆ ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನೇರವಾಗಿ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಸೇರಿಕೊಳ್ಳುತ್ತದೆ. ಎಡಬಲ 10 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಪ್ರಿಂಗ್ ಜಗ್ಗಿದೆ ಅಥವಾ ಮುರಿದಿದೆ ಎಂದು ಶಂಕಿಸಿ. ಮುರಿಯುವುದು ಹೆಚ್ಚಾಗಿ ಕೊನೆಯ ಸುತ್ತು, ಬಟ್ಟಲಿನೊಳಗೆ. ಕೆಸರು ತೊಳೆದು ಟಾರ್ಚ್ ಹಿಡಿದರಷ್ಟೇ ಕಾಣುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಟಕ್ ಎನ್ನುವುದು ಅದರ ಗುರುತು.

ಹೊಸದನ್ನು ಜೋಡಿಯಾಗಿಯೇ ಹಾಕಿಸಿ, ಭಾಗದ ನಂಬರ್ ನೋಡಿ ತನ್ನಿ. ಡೀಸೆಲ್ ಎಂಜಿನ್ ಭಾರ ಹೆಚ್ಚು. ಅದರ ಸ್ಪ್ರಿಂಗ್ ಪೆಟ್ರೋಲ್ ಗಾಡಿಗೆ ಬಿದ್ದರೆ ಮೂತಿ ಎದ್ದು ನಿಲ್ಲುತ್ತದೆ. ಬಿಚ್ಚುವಾಗ ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಲಕರಣೆ, ಅಂದರೆ ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಕ್ಕೆ ಎದುರುಬದುರು ಇರಲಿ, ಒಂದೊಂದು ಸುತ್ತಿನಂತೆ ಸರದಿಯಲ್ಲಿ ಬಿಗಿಯಿರಿ. ಸ್ಪ್ರಿಂಗ್ ಕೈಯಲ್ಲಿ ತಿರುಗುವಷ್ಟು ಸಡಿಲಾಗುವವರೆಗೆ ನಡುವಿನ ನಟ್ ಮುಟ್ಟಕೂಡದು. ಅವಸರ ಮಾಡಿದರೆ ಸ್ಪ್ರಿಂಗ್ ಸಿಡಿದು ಜೀವಕ್ಕೇ ಕುತ್ತು. ಶಾಕಿನ ಮೇಲ್ತುದಿಯನ್ನು ಗಾಡಿಗೆ ಹಿಡಿದಿಡುವ ಸ್ಟ್ರಟ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್ ಸವೆದಿದ್ದರೆ ಆಗಲೇ ಬದಲಿಸಿ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಷ್ ಬೋಲ್ಟುಗಳಿಗೆ ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ಜಾಕಿನ ಮೇಲೆ ಜೋತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಮುನ್ನೂರರಿಂದ ಐನೂರು ಕಿಲೋಮೀಟರ್ ಓಡಿಸಿ ಮತ್ತೆ ಅದೇ ನಾಲ್ಕು ಕಡೆ ಅಳೆಯಿರಿ, ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆಂದು ನೋಡಿಸಿ. ಚೀಟಿಯಲ್ಲಿ ಟೋ, ಅಂದರೆ ಚಕ್ರ ಎಡಬಲಕ್ಕೆ ಎಷ್ಟು ತಿರುಗಿದೆ ಎನ್ನುವುದರ ಜೊತೆ, ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಎನ್ನುವ ಅಂಕಿಯನ್ನೂ ಕೇಳಿ ಪಡೆಯಿರಿ. ತಗ್ಗಿಸಿದ ಗಾಡಿಯಲ್ಲಿ ಟೈರ್ ಸವೆಯುವುದು ಒಳಅಂಚಿನಲ್ಲಿ, ನಿಂತು ನೋಡಿದರೆ ಕಾಣುವುದಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಕೈಯಾಡಿಸಿ ನೋಡಿ. ನಮಸ್ಕಾರ.