ಪ್ರಿಂಟ್ ಯಾಕೆ ಬಿಸಿಬಿಸಿ ಬರುತ್ತದೆ?

[ದೃಶ್ಯ: ಚಿಕ್ಕಮಗಳೂರಿನ ಒಂದು ಜೆರಾಕ್ಸ್ ಅಂಗಡಿ. ಹೊರಗೆ ಜಡಿಮಳೆ.]

ನಮಸ್ಕಾರ. ಮಳೆಗಾಲದಲ್ಲಿ ನಮ್ಮೂರಿನ ಜೆರಾಕ್ಸ್ ಅಂಗಡಿಯಲ್ಲಿ ಗಮನಿಸಿದ್ದೀರಾ? ಪ್ರಿಂಟ್ ಕೈಗೆ ಬಂದ ಕೂಡಲೇ ಎಲ್ಲರೂ ಅದನ್ನು ಒಂದು ಗಳಿಗೆ ಅಂಗೈಯಲ್ಲಿ ಒತ್ತಿ ಹಿಡಿಯುತ್ತಾರೆ. ಅಷ್ಟು ಬೆಚ್ಚಗಿರುತ್ತದೆ! ಮೊನ್ನೆ ಪಹಣಿ ತೆಗೆಸಲು ಬಂದಿದ್ದ ಅಜ್ಜ ಒಬ್ಬರು ನನ್ನನ್ನು ಕೇಳಿದರು: "ಲೇಸರ್ ಅಂದ್ರೆ ಸುಡೋ ಬೆಳಕಲ್ವೇನಪ್ಪಾ? ಕಾಗದ ಸುಟ್ಟು ಅಕ್ಷರ ಬರೆಯುತ್ತಾ?"

ಇಲ್ಲ ಅಜ್ಜ. ಲೇಸರ್ ಕಾಗದವನ್ನು ಮುಟ್ಟುವುದೇ ಇಲ್ಲ.

[ದೃಶ್ಯ: ಡ್ರಮ್ಮಿನ ಚಿತ್ರ.]

ಲೇಸರ್ ಪ್ರಿಂಟರಿನ ಒಳಗೊಂದು ಉರುಳೆ, ಅಂದರೆ ಡ್ರಮ್ ಇದೆ. ಅದರ ಮೈತುಂಬ ಸ್ಥಿರ ವಿದ್ಯುತ್ತು. ಅಕ್ಷರ ಬರಬೇಕಾದ ಕಡೆಯಲ್ಲೆಲ್ಲ ಲೇಸರ್ ಬಿದ್ದು ಆ ವಿದ್ಯುತ್ತು ಕಳೆದುಹೋಗುತ್ತದೆ. ಟೋನರ್ ಎಂಬ ಬಣ್ಣದ ಪುಡಿಯಲ್ಲೂ ಅದೇ ಬಗೆಯ ವಿದ್ಯುತ್ತು ಇರುವುದರಿಂದ ಉಳಿದ ಕಡೆ ಡ್ರಮ್ ಅದನ್ನು ದೂರ ತಳ್ಳುತ್ತದೆ; ವಿದ್ಯುತ್ತು ಕಳೆದಲ್ಲಿ ಮಾತ್ರ ಪುಡಿ ಅಂಟುತ್ತದೆ. ಶಾಲೆಯಲ್ಲಿ ಗೋಂದಿನಿಂದ ಚಿತ್ರ ಬರೆದು, ಮೇಲೆ ರಂಗೋಲಿ ಪುಡಿ ಉದುರಿಸಿ ಕೊಡವುತ್ತಿದ್ದೆವಲ್ಲ, ಹಾಗೆ. ಇಲ್ಲಿ ಗೋಂದಿನ ಕೆಲಸ ವಿದ್ಯುತ್ತಿನದು. ಆಮೇಲೆ ಪುಡಿ ಡ್ರಮ್ಮಿನಿಂದ ಕಾಗದಕ್ಕೆ ಇಳಿಯುತ್ತದೆ. ಆಗ ಬೆರಳಿಟ್ಟು ಒರೆಸಿದರೆ ಅಕ್ಷರ ಅಳಿಸಿಹೋದೀತು. ಟೋನರ್ ಹೆಚ್ಚುಪಾಲು ಪ್ಲಾಸ್ಟಿಕ್. ಸುಮಾರು 200 ಡಿಗ್ರಿ ಕಾದ ರೋಲರ್ ಅದನ್ನು ಕರಗಿಸಿ, ಇಸ್ತ್ರಿ ಮಾಡಿದ ಹಾಗೆ ಕಾಗದಕ್ಕೆ ಒತ್ತುತ್ತದೆ. ಬಿಸಿ ಬರುವುದು ಅಲ್ಲಿಂದ.

ಈ ಬಿಸಿಯ ಹಿಂದೆ ಒಂದು ಗಿಡದ ಕಥೆ ಇದೆ. ನನಗೆ ಇದು ತುಂಬಾ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಈ ರೀತಿ ಪ್ರತಿ ತೆಗೆಯುವ ವಿಧಾನ ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ನ್ಯೂಯಾರ್ಕಿನಲ್ಲಿ ಪೇಟೆಂಟ್ ಕಾಗದಪತ್ರಗಳ ಕೆಲಸದಲ್ಲಿದ್ದವರು. ಎಷ್ಟೋ ಪ್ರತಿಗಳನ್ನು ಕೈಯಲ್ಲೇ ಬರೆಯಬೇಕಿತ್ತು. ಅವರಿಗೋ ಸಂಧಿವಾತ. 1938ರ ಅಕ್ಟೋಬರ್ 22ರಂದು ಅದೇ ನಗರದ ಅಸ್ಟೋರಿಯಾ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಅವರೂ ಸಹಾಯಕ ಆಟೋ ಕಾರ್ನೈ ಅವರೂ ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ಸ್ಥಿರ ವಿದ್ಯುತ್ತು ಬರಿಸಿದರು. ಮೇಲೆ ಬರಹವಿದ್ದ ಗಾಜು ಇಟ್ಟು ಬೆಳಕು ಬಿಟ್ಟರು. ಆಮೇಲೆ ಪುಡಿ ಉದುರಿಸಿ ಊದಿದರು. ತಗಡಿನ ಮೇಲೆ ದಿನಾಂಕ ಮತ್ತು "ಅಸ್ಟೋರಿಯಾ" ಮೂಡಿತ್ತು!

ಆ ಪುಡಿ ಯಾವುದು ಗೊತ್ತಾ? ಲೈಕೋಪೋಡಿಯಂ. ಹೂವೇ ಬಿಡದ ಒಂದು ಪುಟ್ಟ ಗಿಡದ ಬೀಜಕಗಳ ಧೂಳು. ಆ ಗಿಡದ ಬಳಗದವು ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ, ಒದ್ದೆ ಧರೆಗಳ ಮೇಲೆ ಹಸಿರಾಗಿ ಹಬ್ಬಿಕೊಂಡಿರುತ್ತವೆ. ಕಾರ್ಲ್‌ಸನ್ ತಗಡಿನ ಮೇಲಿನ ಆ ಪುಡಿಗೆ ಮೇಣದ ಕಾಗದ ಒತ್ತಿ, ಬಿಸಿ ಮಾಡಿ ಎತ್ತಿದರು. ಮೇಣ ಕರಗಿ ಪುಡಿ ಹಿಡಿದುಕೊಂಡಿತು. ಅಂದರೆ ಮೊದಲ ಪ್ರತಿಯೂ ಬೆಚ್ಚಗೇ ಇತ್ತು. ಗ್ರೀಕಿನಲ್ಲಿ "ಜೆರೋಸ್" ಅಂದರೆ ಒಣ. ಶಾಯಿಯಿಲ್ಲದ ಈ ಒಣ ಬರಹದಿಂದಲೇ ಜೆರಾಕ್ಸ್ ಎಂಬ ಹೆಸರು ಹುಟ್ಟಿತು.

[ದೃಶ್ಯ: ತಿರುಗುವ ಕನ್ನಡಿ, ಲೇಸರ್ ಗೆರೆ.]

ಸಮಯ ಆಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಪ್ರತಿ ತೆಗೆಯುವ ಯಂತ್ರಕ್ಕೆ ಲೇಸರ್ ಸೇರಿಸಿದವರು ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್. ಮೇಲಿನವರು ಬೇಡ ಅಂದರೂ ಬಿಡಲಿಲ್ಲ. ಅಂಥ ಹಟ ದೊಡ್ಡದು. 1977ರಲ್ಲಿ ಬಂದ ಜೆರಾಕ್ಸ್ 9700 ನಿಮಿಷಕ್ಕೆ 120 ಪುಟ ಮುದ್ರಿಸುತ್ತಿತ್ತು. 1984ರಲ್ಲಿ ಎಚ್‌ಪಿ ಲೇಸರ್‌ಜೆಟ್ ಮೇಜಿನ ಮೇಲೆ ಬಂದು ಕೂತಿತು, ಬೆಲೆ 3,495 ಡಾಲರ್. ಒಳಗಿನ ಯಂತ್ರ ಕ್ಯಾನನ್‌ನದು. ಮರುವರ್ಷ ಬಂದ ಆಪಲ್ ಲೇಸರ್‌ರೈಟರ್‌ನ ಪ್ರೊಸೆಸರ್ ಆಗಿನ ಮ್ಯಾಕ್ ಕಂಪ್ಯೂಟರಿನದಕ್ಕಿಂತ ವೇಗದ್ದು! ಅದರಲ್ಲಿದ್ದ ಅಡೋಬಿ ಕಂಪನಿಯ ಪುಟ ಬರೆಸುವ ಭಾಷೆ ಪೋಸ್ಟ್‌ಸ್ಕ್ರಿಪ್ಟ್ ಅಕ್ಷರಗಳನ್ನು ಗೆರೆ, ಬಾಗುಗಳ ಲೆಕ್ಕದಲ್ಲಿ ಬರೆಯುತ್ತಿತ್ತು.

ಕೊನೆಗೆ ಅಂಗಡಿಯವರು ಕೇಳಿದ ಪ್ರಶ್ನೆ: ಆಷಾಢದಲ್ಲಿ ಪ್ರಿಂಟ್ ಯಾಕೆ ಮಂಕು, ಹಾಳೆ ಯಾಕೆ ಸುರುಳಿ? ಕಾಗದ ಥಂಡಿ ಹಿಡಿದಿರುತ್ತದೆ. ಒದ್ದೆ ಹಾಳೆಯಲ್ಲಿ ವಿದ್ಯುತ್ತು ನಿಲ್ಲದೆ ಪುಡಿ ಸರಿಯಾಗಿ ಇಳಿಯುವುದಿಲ್ಲ. ಬಿಸಿ ರೋಲರಿಗೆ ಸಿಕ್ಕಾಗ ತೇವ ಆವಿಯಾಗಿ ಹಾಳೆ ಮುದುರುತ್ತದೆ. ಬಿಚ್ಚಿದ ರಿಮ್ಮನ್ನು ಸುಮ್ನೆ ಮೇಜಿನ ಮೇಲೆ ಬಿಡಬೇಡಿ. ಅದೇ ಹೊದಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿಡಿ.