ಚಾಣಕ್ಯನೆಂಬ ಬಿರುದನ್ನು ಹಂಚುವ ಮೊದಲು

ನಮಸ್ಕಾರ. ನಮ್ಮಲ್ಲಿ ಒಂದು ಸರ್ಕಾರ ಅಲುಗಾಡತೊಡಗಿದ ಕೂಡಲೇ ಸುದ್ದಿವಾಹಿನಿಗಳ ಪರದೆಯ ಮೇಲೆ ದಪ್ಪಕ್ಷರದಲ್ಲಿ ಕಾಣಿಸಿಕೊಳ್ಳುವ ಪದ 'ಚಾಣಕ್ಯ'. ಎದುರು ಪಕ್ಷದ ಶಾಸಕರನ್ನು ರಾತ್ರೋರಾತ್ರಿ ವಿಮಾನ ಹತ್ತಿಸಿದವನೂ ಚಾಣಕ್ಯ, ತನ್ನ ಕಡೆಯವರು ಅವನ ಕೈಗೆ ಸಿಗದಿರಲೆಂದು ರೆಸಾರ್ಟಿನಲ್ಲಿ ಕೂಡಿಹಾಕಿದವನೂ ಚಾಣಕ್ಯ. ಈ ಬಿರುದನ್ನು ಇಷ್ಟು ಅಗ್ಗವಾಗಿ ಹಂಚುವುದರ ಬಗ್ಗೆ ನನಗೊಂದು ತಕರಾರಿದೆ. ಚಾಣಕ್ಯ ಒಳ್ಳೆಯವನು, ಇವರು ಕೆಟ್ಟವರು ಎಂಬ ಸರಳವಾದ ತಕರಾರಲ್ಲ ಅದು. ವಿಶಾಖದತ್ತನ 'ಮುದ್ರಾರಾಕ್ಷಸ' ನಾಟಕವನ್ನಾಗಲಿ, ಕೆಂಪುನಾರಾಯಣ 1823ರಲ್ಲಿ ಆ ಕಥೆಯನ್ನು ಕನ್ನಡ ಗದ್ಯಕ್ಕೆ ತಂದ 'ಮುದ್ರಾಮಂಜೂಷ'ವನ್ನಾಗಲಿ ಓದಿದವರು ಚಾಣಕ್ಯನನ್ನು ಒಳ್ಳೆಯವನೆಂದು ಕರೆಯಲು ಹಿಂಜರಿಯುತ್ತಾರೆ.

ನಾಟಕದ ಎರಡನೆಯ ಅಂಕದಲ್ಲಿ ಬರುವ ಒಂದು ವರದಿಯನ್ನೇ ನೋಡಿ. ಚಂದ್ರಗುಪ್ತನನ್ನು ಮಲಗಿದಲ್ಲೇ ಕೊಲ್ಲಲು ನಂದರ ಅಮಾತ್ಯನಾಗಿದ್ದ ರಾಕ್ಷಸನೆಂಬವನು ಕಳುಹಿಸಿದ ಜನ ಶಯನಗೃಹದ ಗೋಡೆಯೊಳಗಿನ ಸುರಂಗದಲ್ಲಿ ಅಡಗಿ ಕುಳಿತಿದ್ದಾರೆ. ರಾಜ ಒಳಗೆ ಬರುವ ಮೊದಲೇ ಕೋಣೆಯನ್ನು ಪರೀಕ್ಷಿಸಲು ಬಂದ ಚಾಣಕ್ಯನಿಗೆ, ಗೋಡೆಯ ಬಿರುಕಿನಿಂದ ಅನ್ನದ ಅಗುಳು ಹೊತ್ತು ಸಾಲಾಗಿ ಹೊರಬರುತ್ತಿರುವ ಇರುವೆಗಳು ಕಾಣಿಸುತ್ತವೆ. ಅನ್ನವಿದ್ದಲ್ಲಿ ಉಣ್ಣುವವರೂ ಇರಬೇಕಲ್ಲ. ಅವನು ಯಾರನ್ನೂ ಕೂಗುವುದಿಲ್ಲ, ವಿಚಾರಣೆಯ ಮಾತೇ ಇಲ್ಲ. ಕೋಣೆಗೆ ಬೆಂಕಿ ಇಡಿಸುತ್ತಾನೆ. ಒಳಗಿದ್ದವರು ಹೊಗೆಯಲ್ಲಿ ದಾರಿ ಕಾಣದೆ ಅಲ್ಲೇ ಸುಟ್ಟುಹೋಗುತ್ತಾರೆ. ಇದೇ ಚಾಣಕ್ಯ, ಚಂದ್ರಗುಪ್ತನನ್ನು ಕೊಲ್ಲಲು ಬಂದ ವಿಷಕನ್ಯೆಯನ್ನು ತನ್ನ ಮಿತ್ರರಾಜ ಪರ್ವತಕನ ಕಡೆಗೆ ತಿರುಗಿಸಿ, ಅರ್ಧ ರಾಜ್ಯ ಕೊಡಬೇಕಾಗಿದ್ದ ಸಾಲವನ್ನು ಸಾಲ ಕೊಟ್ಟವನ ಸಾವಿನಿಂದ ತೀರಿಸಿ, ಆ ಕೊಲೆಯ ಅಪವಾದವನ್ನು ರಾಕ್ಷಸನ ತಲೆಗೆ ಕಟ್ಟಿದವನು.

ಇಷ್ಟೆಲ್ಲ ಯಾಕಾಗಿ? ಏಳು ಅಂಕಗಳ ಈ ನಾಟಕದ ವಿಚಿತ್ರವೇ ಇದು: ಚಾಣಕ್ಯನಿಗೆ ರಾಕ್ಷಸನ ತಲೆ ಬೇಕಾಗಿಲ್ಲ, ರಾಕ್ಷಸನೇ ಬೇಕು. ತನ್ನ ಒಡೆಯರೆಲ್ಲ ಸತ್ತು, ಇನ್ನು ಯಾರಿಂದಲೂ ಏನೂ ದೊರೆಯದೆಂದು ಗೊತ್ತಿದ್ದರೂ ನಿಷ್ಠೆ ಬಿಡದ ಮನುಷ್ಯ ಅವನೊಬ್ಬನೇ. ಅಂಥವನನ್ನು ಚಂದ್ರಗುಪ್ತನ ಮಂತ್ರಿಯನ್ನಾಗಿ ಕೂರಿಸಬೇಕೆಂಬುದೇ ಚಾಣಕ್ಯನ ಹಟ. ಕಳೆದುಹೋದ ಮುದ್ರೆಯುಂಗುರ, ಮೋಸದಿಂದ ಬರೆಸಿದ ಓಲೆ, ಚಂದ್ರಗುಪ್ತನೊಡನೆ ಆಡಿದ ಸುಳ್ಳು ಜಗಳ, ಎಲ್ಲವೂ ರಾಕ್ಷಸನನ್ನು ಒಂಟಿಯಾಗಿಸುವ ಬಲೆಯ ಎಳೆಗಳು. ಆದರೆ ಕೊನೆಯ ಗಂಟು ಬೀಳುವುದು ಬೇರೆ ಕಡೆ. ರಾಕ್ಷಸನ ಹೆಂಡತಿ ಮಕ್ಕಳನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡು, ತಲೆ ಹೋದರೂ ಒಪ್ಪಿಸಲಾರೆನೆಂದ ರತ್ನವ್ಯಾಪಾರಿ ಚಂದನದಾಸನನ್ನು ವಧ್ಯಸ್ಥಾನಕ್ಕೆ ಒಯ್ಯುತ್ತಾರೆ. ಗೆಳೆಯನನ್ನು ಉಳಿಸಲು ರಾಕ್ಷಸ ತಾನಾಗಿ ಬಂದು ಶರಣಾಗುತ್ತಾನೆ. ದುಡ್ಡಿಗೆ ಬಗ್ಗದವನನ್ನು, ಭಯಕ್ಕೂ ಬಗ್ಗದವನನ್ನು, ಅವನ ಒಳ್ಳೆಯತನವನ್ನೇ ಹಿಡಿಕೆಯಾಗಿಸಿಕೊಂಡು ಬಗ್ಗಿಸಿದ್ದು. ನಾನು ಓದಿದ ಕ್ರೌರ್ಯಗಳಲ್ಲಿ ಇಷ್ಟು ನಾಜೂಕಾದದ್ದು ಇನ್ನೊಂದಿಲ್ಲ.

ಈಗ ನಾಟಕದಿಂದ ಶಾಸ್ತ್ರಕ್ಕೆ ಬರೋಣ. ಕೌಟಿಲ್ಯನೆಂದೂ ಕರೆಯುವ ಚಾಣಕ್ಯನ ಹೆಸರಿನಲ್ಲಿರುವ 'ಅರ್ಥಶಾಸ್ತ್ರ' ಆಧುನಿಕ ಜಗತ್ತಿಗೆ ಮತ್ತೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯನ್ನು ಗುರುತಿಸಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿಗೆ ತಂದರು. ಆ ಗ್ರಂಥವೇನೂ ಸಾಧುವಲ್ಲ. ಬೊಕ್ಕಸ ಬರಿದಾದಾಗ ರಾತ್ರಿಯೊಳಗೆ ದೇವರೊಂದನ್ನು ಉದ್ಭವಗೊಳಿಸಿ ಜಾತ್ರೆ ನಡೆಸಿ ಹಣ ಎತ್ತುವ ಉಪಾಯವೂ ಅದರಲ್ಲಿದೆ. ಆದರೆ ಮೊದಲ ಅಧಿಕರಣದ ಹತ್ತನೆಯ ಅಧ್ಯಾಯವನ್ನು ನಮ್ಮ ಟಿ.ವಿ. ನಿರೂಪಕರು ಒಮ್ಮೆ ಓದಬೇಕೆಂದು ನನ್ನ ಆಸೆ. ಅಮಾತ್ಯರ ಶುದ್ಧಿಯನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಆಮಿಷಗಳಿಂದ ಗುಟ್ಟಾಗಿ ಪರೀಕ್ಷಿಸುವ ಕ್ರಮ ಅಲ್ಲಿದೆ. ಅರ್ಥದ ಪರೀಕ್ಷೆ ಹೀಗೆ: ರಾಜ ಸೇನಾಪತಿಯನ್ನು ಪದಚ್ಯುತಗೊಳಿಸಿದಂತೆ ನಟಿಸುತ್ತಾನೆ, ಆ ಸೇನಾಪತಿ ಗೂಢಚರರ ಮೂಲಕ ಒಬ್ಬೊಬ್ಬ ಅಮಾತ್ಯನಿಗೂ ಹಣದ ಆಸೆ ತೋರಿಸಿ, ರಾಜನನ್ನು ಮುಗಿಸಲು ಉಳಿದವರೆಲ್ಲ ಒಪ್ಪಿದ್ದಾರೆ, ನೀನೇನು ಹೇಳುತ್ತೀಯ ಎಂದು ಕೇಳಿಸುತ್ತಾನೆ. ಉಳಿದವರೆಲ್ಲ ಒಪ್ಪಿದ್ದಾರೆ! ಈ ಮಾತು ಇಂದಿನ ಫೋನ್ ಕರೆಯಂತೆ ಕೇಳಿಸುವುದಿಲ್ಲವೇ?

ಬಗ್ಗದೆ ನಿಂತವನಿಗೆ ಕಂದಾಯ ಮತ್ತು ಬೊಕ್ಕಸದ ಹೊಣೆ. ನಾಲ್ಕರಲ್ಲೂ ಗೆದ್ದವನು ಮಾತ್ರ ಮಂತ್ರಿ. ನಾಲ್ಕರಲ್ಲೂ ಸೋತವನನ್ನು ಗಣಿ, ಕಾಡು, ಕಾರ್ಖಾನೆಗಳ ಕೆಲಸಕ್ಕೆ ಕಳುಹಿಸಬೇಕೆಂದು ಕೌಟಿಲ್ಯ ಹೇಳುತ್ತಾನೆ. ಅಕ್ರಮ ಗಣಿಗಾರಿಕೆಯ ಕುರಿತ 2011ರ ಲೋಕಾಯುಕ್ತ ವರದಿಯನ್ನು ಕಂಡ ಕನ್ನಡಿಗರಿಗೆ ಈ ವಾಕ್ಯ ಓದಿ ನಗು ಬಂದರೆ ತಪ್ಪಿಲ್ಲ. ನಮ್ಮಲ್ಲಿ ಗಣಿಗೂ ವಿಧಾನಸೌಧಕ್ಕೂ ನಡುವಿನ ದಾರಿಯಲ್ಲಿ ಓಡಾಟ ಎದುರು ದಿಕ್ಕಿನಲ್ಲಿತ್ತು. ಅಧ್ಯಾಯದ ಕೊನೆಯಲ್ಲಿ ಕೌಟಿಲ್ಯ ತನ್ನ ಉಪಾಯಕ್ಕೆ ತಾನೇ ಹೆದರಿದವನಂತೆ ಎಚ್ಚರಿಸುತ್ತಾನೆ: ಕೆಡದವನನ್ನು ಕೆಡಿಸಬೇಡ, ಅದು ನೀರಿಗೆ ವಿಷ ಬೆರೆಸಿದಂತೆ, ಆಮೇಲೆ ಮದ್ದು ಸಿಗದೆ ಹೋದೀತು.

ಕರ್ನಾಟಕದ 2019ರ ಜುಲೈಯನ್ನು ನೆನೆಯಿರಿ. ಆಡಳಿತ ಮೈತ್ರಿಕೂಟದ ಶಾಸಕರ ರಾಜೀನಾಮೆಗಳು, ಮುಂಬೈಯ ಹೋಟೆಲು, ಬಿದ್ದ ಸರ್ಕಾರ, ಸ್ಪೀಕರ್ ಅನರ್ಹಗೊಳಿಸಿದ 17 ಮಂದಿ. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲವೆಂದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳ ಉಪಚುನಾವಣೆ ನಡೆಯಿತು. ಗೆದ್ದುಬಂದ ಅನರ್ಹರಲ್ಲಿ 10 ಮಂದಿ 2020ರ ಫೆಬ್ರವರಿ 6ರಂದು ಬಿಜೆಪಿ ಸರ್ಕಾರದಲ್ಲಿ ಸಚಿವರಾದರು. ಹಣ ಕೈ ಬದಲಾಯಿತೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಇದು ಒಂದೇ ಪಕ್ಷದ ಚಾಳಿಯೂ ಅಲ್ಲ. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ಬಿಡದಿಯ ರೆಸಾರ್ಟಿಗೆ ತಂದಿರಿಸಿದ್ದು, ಸ್ವಂತ ಶಾಸಕನ ಮೇಲೆ ಪಕ್ಷಕ್ಕೆ ನಂಬಿಕೆಯಿಲ್ಲವೆಂಬುದರ ಬಹಿರಂಗ ಒಪ್ಪಿಗೆ. ಮತದಾರರೇ ಮತ್ತೆ ಆರಿಸಿದರಲ್ಲ ಎಂಬ ವಾದಕ್ಕೆ ಬಲವಿದೆ, ಅದನ್ನು ತಳ್ಳಿಹಾಕಲಾರೆ. ನನ್ನ ತಕರಾರು ಬಿರುದಿನ ಬಗ್ಗೆ. ಯಾರು ಆಮಿಷಕ್ಕೆ ಬಗ್ಗುವುದಿಲ್ಲವೆಂದು ಹುಡುಕಿ ಅವನಿಗೆ ಅಧಿಕಾರ ಕೊಡುವುದು ಚಾಣಕ್ಯನ ತಂತ್ರ. ಯಾರು ಬಗ್ಗುತ್ತಾನೆಂದು ಹುಡುಕಿ ಅವನಿಗೆ ಖಾತೆ ಕೊಡುವುದು ಇಂದಿನ ತಂತ್ರ. ಇದಕ್ಕೆ ಬೇರೆ ಹೆಸರು ಹುಡುಕಿಕೊಳ್ಳಲಿ.

ಇನ್ನೊಂದು ವ್ಯತ್ಯಾಸವೂ ಇದೆ. ನಾಟಕದ ಮೂರನೆಯ ಅಂಕದಲ್ಲಿ ಅರಮನೆಯ ಕಂಚುಕಿ ಚಾಣಕ್ಯನ ಮನೆಗೆ ಬಂದು ಬೆರಗಾಗಿ ನಿಲ್ಲುತ್ತಾನೆ. ಸಾಮ್ರಾಜ್ಯವನ್ನೇ ಕುಣಿಸುವವನ ಮನೆಯಲ್ಲಿ ಅವನಿಗೆ ಕಂಡದ್ದು ಬೆರಣಿ ಒಡೆಯುವ ಕಲ್ಲಿನ ಚೂರು, ಶಿಷ್ಯರು ತಂದ ದರ್ಭೆಯ ರಾಶಿ, ಒಣಹಾಕಿದ ಸಮಿತ್ತಿನ ಭಾರಕ್ಕೆ ಬಾಗಿದ ಸೂರು, ಕುಸಿದ ಗೋಡೆ. ಗೆದ್ದ ಮೇಲೆ ಮಂತ್ರಿಪದವಿಯ ಕತ್ತಿಯನ್ನು ರಾಕ್ಷಸನ ಕೈಗಿತ್ತು, ಬಿಚ್ಚಿದ್ದ ಶಿಖೆಯನ್ನು ಕಟ್ಟಿಕೊಂಡು ಅವನು ಹೊರಟುಬಿಡುತ್ತಾನೆ.

ನಮ್ಮ 'ವಡ್ಡಾರಾಧನೆ' ಅವನನ್ನು ಅಲ್ಲಿಗೂ ಬಿಡುವುದಿಲ್ಲ. ಅಲ್ಲಿ ಅವನು ಜೈನ ದೀಕ್ಷೆ ಪಡೆದ ಚಾಣಕ್ಯ ರಿಸಿ. ಗೋಡೆಯೊಳಗಿನವರನ್ನು ಬೆಂಕಿಗೆ ಕೊಟ್ಟಿದ್ದವನು ಈಗ ತಾನೇ ಕದಲದೆ ಧ್ಯಾನದಲ್ಲಿ ಕುಳಿತಿದ್ದಾನೆ. ಹಳೆಯ ಹಗೆ ಮರೆಯದ ಸುಬಂಧು ಎಂಬ ಮಂತ್ರಿ ಸುತ್ತಲಿನ ಸಗಣಿಯ ಬೆರಣಿಗೆ ಕಿಚ್ಚಿಡುತ್ತಾನೆ.