ಸೋತ ತಂಡದ ಕೈಗೆ ಬಾವುಟ ಕೊಡಿ

ತಾಲ್ಲೂಕು ಮಟ್ಟದ ಶಾಲಾ ವಾಲಿಬಾಲ್ ಪಂದ್ಯಾವಳಿ ಅಂದ್ರೆ ಒಂದು ನೋಟ ಖಾಯಂ. ಬೆಳಿಗ್ಗೆ ಮೊದಲ ಪಂದ್ಯದಲ್ಲೇ ಸೋತ ತಂಡ ಮರದ ನೆರಳಲ್ಲಿ ಬ್ಯಾಗಿಗೆ ಒರಗಿ ಕೂತಿರುತ್ತೆ. ವಾಪಸ್ ಕರ್ಕೊಂಡು ಹೋಗೋ ಟೆಂಪೋ ಬರೋದು ಸಂಜೆಗೆ. ಅದೇ ಹೊತ್ತಿಗೆ ಮೈಕಿನಲ್ಲಿ, "ಎರಡನೇ ಕೋರ್ಟಿಗೆ ಯಾರಾದ್ರೂ ಲೈನ್ ಅಂಪೈರ್ ಬನ್ರಪ್ಪಾ" ಅಂತ ಕರೀತಿರ್ತಾರೆ. ಕೊನೆಗೆ ಬರೋನು ಯಾರೋ ಹಳೇ ವಿದ್ಯಾರ್ಥಿ. ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ಮೊಬೈಲ್.

ನಾನು ಹೇಳೋದು ಇಷ್ಟು. ಸೋತ ತಂಡ ಮನೆಗೆ ಹೋಗೋ ಮುಂಚೆ ಒಂದು ಪಂದ್ಯ ನಡೆಸಿಕೊಡಬೇಕು. ಬಾವುಟ ಹಿಡಿಯೋದು, ಸ್ಕೋರ್ ಬರೆಯೋದು, ಚೆಂಡು ತರೋದು, ಎಲ್ಲಾ. ಇದು ಆಯೋಜಕರ ದಾಕ್ಷಿಣ್ಯಕ್ಕೆ ಬಿಡೋ ಮಾತಲ್ಲ, ಪಂದ್ಯಗಳ ಪಟ್ಟಿ ಇರೋ ಡ್ರಾ ಹಾಳೆಯಲ್ಲೇ ಅಚ್ಚಾಗಿರಬೇಕು. ಅಮೆರಿಕದ ಮಕ್ಕಳ ಕ್ಲಬ್ ವಾಲಿಬಾಲಿನಲ್ಲಿ ಇದು ಮಾಮೂಲಿ ರೂಢಿ. ಆಡೋ ತಂಡಕ್ಕೆ ಆಟದಷ್ಟೇ ಕಡ್ಡಾಯವಾಗಿ ಇನ್ನೊಬ್ಬರ ಪಂದ್ಯದ ಕೆಲಸವೂ ಬೀಳುತ್ತೆ.

ಮೊದಲು ಲೆಕ್ಕ ನೋಡೋಣ. 16 ತಂಡ ಬಂದ್ರೆ ನಾಕೌಟ್‌ನಲ್ಲಿ 15 ಪಂದ್ಯ. ಮೂರು ಸೆಟ್‌ಗಳ ಪಂದ್ಯ, 25, 25, ಬೇಕಾದ್ರೆ 15 ಅಂಕಕ್ಕೆ. ಒಂದಕ್ಕೆ ಮುಕ್ಕಾಲು ಗಂಟೆ ಹಿಡಿದ್ರೂ ಹನ್ನೊಂದು ಗಂಟೆ ದಾಟುತ್ತೆ. ಹಾಗಾಗಿ ಎರಡು ಕೋರ್ಟ್ ಬೇಕೇ ಬೇಕು. ಒಂದೊಂದು ಕೋರ್ಟಿಗೂ ಇಬ್ಬರು ರೆಫರಿ ಬಿಟ್ಟು ಲೈನಿಗೆ ನಾಲ್ವರು, ಟೇಬಲ್‌ಗೆ ಇಬ್ಬರು, ಬೋರ್ಡ್ ತಿರುಗಿಸೋಕೆ ಒಬ್ಬರು, ಚೆಂಡಿಗೆ ಮೂವರು. ಹತ್ತು ಜನ ಆಯ್ತು. ತಂಡದಲ್ಲಿ 12 ಮಂದಿ ಇದ್ರೆ ಕೆಲಸಕ್ಕೆ ಹತ್ತು, ಕಾಲು ಉಳುಕಿದವರು ಇಬ್ಬರು ಕೂತ್ಕೊಳ್ಳಲಿ.

ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡೋದಿಲ್ಲ. ಆ ದಿನ ವಿಸಲ್ ಹಿಡಿಯೋ ದೈಹಿಕ ಶಿಕ್ಷಕರು ಯಾವುದೋ ಒಂದು ಶಾಲೆಯ ತಂಡದ ಜೊತೆಗೇ ಬಂದಿರ್ತಾರೆ. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಕೊನೇ ಸೆಟ್‌ನಲ್ಲಿ 13–13 ಇದ್ದಾಗ ಎದುರು ಶಾಲೆಯವರ ಕಣ್ಣಿಗೆ ಅನುಮಾನವೇ ಕಾಣೋದು. ಆಟದಿಂದ ಹೊರಗೆ ಬಿದ್ದ ತಂಡಕ್ಕೆ ಆ ಹಂಗು ಇಲ್ಲ. ಒಂದೇ ಎಚ್ಚರಿಕೆ: ತಮ್ಮನ್ನ ಸೋಲಿಸಿದ ತಂಡದ ಪಂದ್ಯಕ್ಕೆ ಅವರನ್ನ ಹಾಕಬೇಡಿ. ಒಂದೊಂದು ಕೋರ್ಟಿನಲ್ಲೂ ಮೊದಲ ಪಂದ್ಯ ಸೋತವರು ಮೂರನೆಯದಕ್ಕೆ, ಎರಡನೆಯದು ಸೋತವರು ನಾಲ್ಕನೆಯದಕ್ಕೆ. ನಡುವೆ ಅಳೋದಿದ್ರೆ ಅತ್ತು, ನೀರು ಕುಡಿದು, ಏನಾದ್ರೂ ತಿನ್ನೋಕೆ ಹೊತ್ತು ಸಿಗುತ್ತೆ.

ಈಗ ಬಾವುಟದ ಕೆಲಸ. ನಿಯಮದಲ್ಲಿ ಇಬ್ಬರು ಲೈನ್ ಜಡ್ಜ್‌ಗಳಿಗೂ ಅವಕಾಶ ಇದೆ, ನಾಲ್ವರಿಗೂ ಇದೆ. ಮಕ್ಕಳನ್ನ ನಿಲ್ಲಿಸೋದಾದ್ರೆ ನಾಲ್ವರೇ ಇರಲಿ. ಇಬ್ಬರಿದ್ರೆ ಒಬ್ಬೊಬ್ಬರೂ ಒಂದು ಎಂಡ್ ಲೈನ್, ಒಂದು ಸೈಡ್ ಲೈನ್ ಎರಡನ್ನೂ ಕಾಯಬೇಕು, ಹೊಸಬರಿಗೆ ಅಲ್ಲೇ ಗೊಂದಲ. ನಾಲ್ವರಿದ್ರೆ ಒಬ್ಬರಿಗೆ ಒಂದೇ ಗೆರೆ. ಮೂಲೆಯಿಂದ 1ರಿಂದ 3 ಮೀಟರ್ ಹಿಂದೆ, ತಮ್ಮ ಗೆರೆ ನೇರ ಮುಂದುವರಿದ್ರೆ ಎಲ್ಲಿ ಹಾಯುತ್ತೋ ಅಲ್ಲಿ ನಿಲ್ಲಬೇಕು. ಸರ್ವಿಸ್ ಮಾಡೋನು ಅಡ್ಡ ಬಂದ್ರೆ ಇವರೇ ಸರಿದು ಜಾಗ ಬಿಡಬೇಕು.

ಕಲಿಸಬೇಕಾದ ಸಂಕೇತ ಐದೇ. ಒಳಗೆ ಬಿದ್ರೆ ಬಾವುಟ ಕೆಳಗೆ. ಹೊರಗೆ ಬಿದ್ರೆ ನೇರ ಮೇಲೆ. ಆಟಗಾರರ ಕೈ ತಾಗಿ ಹೊರಗೆ ಹೋದ್ರೆ ಬಾವುಟ ಎತ್ತಿ ಅದರ ತುದಿ ಮೇಲೆ ಇನ್ನೊಂದು ಅಂಗೈ. ನೆಟ್‌ನ ಎರಡೂ ಬದಿಗೆ ನಿಲ್ಲಿಸಿದ ಕೋಲು, ಅಂದ್ರೆ ಆಂಟೆನಾದ ಆಚೆಯಿಂದ ಚೆಂಡು ದಾಟಿದ್ರೆ, ಇಲ್ಲಾ ಸರ್ವಿಸ್ ಹೊಡೆಯುವಾಗ ಕಾಲು ಗೆರೆ ತುಳಿದ್ರೆ, ತಲೆ ಮೇಲೆ ಬಾವುಟ ಬೀಸಿ ಆಂಟೆನಾವನ್ನೋ ಗೆರೆಯನ್ನೋ ತೋರಿಸೋದು. ಐದನೆಯದು ಎದೆ ಮೇಲೆ ಎರಡೂ ಕೈ ಕತ್ತರಿ ಹಾಕೋದು, ಅಂದ್ರೆ "ನನಗೆ ಕಾಣಲಿಲ್ಲ". ಈ ಐದನೆಯದನ್ನೇ ಮೊದಲು ಕಲಿಸಿ. ದೊಡ್ಡವರೂ ಅದನ್ನ ಅವಮಾನ ಅಂದ್ಕೊಂಡು ಬಳಸೋದಿಲ್ಲ, ಊಹೆ ಮೇಲೆ ಬಾವುಟ ಎತ್ತಿಬಿಡ್ತಾರೆ.

ತಪ್ಪು ತೀರ್ಪು ಬರೋದು ಕಣ್ಣು ಚೆಂಡಿನ ಹಿಂದೆ ಓಡೋದ್ರಿಂದ. ಸ್ಮ್ಯಾಶ್ ಹೊಡೆದ ಕೂಡಲೇ ಕಣ್ಣು ಚೆಂಡನ್ನ ಬಿಟ್ಟು ಗೆರೆ ಮೇಲೆ ಬಂದು ಕಾದಿರಬೇಕು. ಗೆರೆ ಅಂದ್ರೆ 5 ಸೆಂಟಿಮೀಟರ್ ಅಗಲ, ಅದೂ ಕೋರ್ಟಿನದೇ ಭಾಗ, ಚೆಂಡಿನ ಅಂಚು ತಾಗಿದ್ರೂ ಒಳಗೇ. ಮಣ್ಣಿನ ಕೋರ್ಟಿನಲ್ಲಿ ಸುಣ್ಣ ಹಾರಿತು ಅಂತ ತೀರ್ಪು ಕೊಡೋ ಚಾಳಿ ಇದೆ. ಎರಡು ಪಂದ್ಯ ಆದಮೇಲೆ ಸುಣ್ಣ ಗೆರೆಯಿಂದ ಅರ್ಧ ಅಡಿ ಆಚೆಗೂ ಹರಡಿರುತ್ತೆ, ಹಾಗಾಗಿ ಆ ಧೂಳನ್ನ ನಂಬಬೇಡಿ. ಪ್ರತಿ ಪಂದ್ಯದ ಮುಂಚೆ ಹಗ್ಗ ಎಳೆದು ಗೆರೆ ಮತ್ತೆ ಹಾಕಿ.

ಆದ್ರೆ ಪಂದ್ಯಗಳು ನಿಜವಾಗಿ ಕೆಡೋದು ಸ್ಕೋರ್ ಟೇಬಲ್‌ನಲ್ಲಿ. ನಮ್ಮಲ್ಲಿ ಆ ಕುರ್ಚಿಗೆ ಅಕ್ಷರ ದುಂಡಗಿರೋರನ್ನ ಹುಡುಕ್ತಾರೆ. ಬೇಕಾಗಿರೋದು ರೊಟೇಶನ್, ಅಂದ್ರೆ ಆಟಗಾರರು ಸ್ಥಾನ ಬದಲಿಸೋ ಸರದಿ, ಗೊತ್ತಿರೋರು.

ಕೋರ್ಟಿನಲ್ಲಿ ಆರೂ ಆಟಗಾರರ ಸ್ಥಾನಕ್ಕೆ ಒಂದೊಂದು ನಂಬರ್: ಹಿಂದೆ ಬಲಗಡೆ 1, ಅಲ್ಲಿಂದ ಮುಂದೆ ಬಲಕ್ಕೆ 2, ಮುಂದೆ ನಡುವೆ 3, ಮುಂದೆ ಎಡಕ್ಕೆ 4, ಹಿಂದೆ ಎಡಕ್ಕೆ 5, ಹಿಂದೆ ನಡುವೆ 6. ಎದುರಾಳಿಯಿಂದ ಸರ್ವಿಸ್ ಗೆದ್ದಾಗ ಗಡಿಯಾರದ ಮುಳ್ಳಿನಂತೆ ಎಲ್ಲರೂ ಒಂದು ಸ್ಥಾನ ಸರೀತಾರೆ, 2ರಲ್ಲಿದ್ದವನು 1ಕ್ಕೆ ಬಂದು ಸರ್ವಿಸ್ ಮಾಡ್ತಾನೆ. ಇಲ್ಲೇ ಅತಿ ಸಾಮಾನ್ಯ ಎಡವಟ್ಟು. ಮೊದಲು ಎದುರಾಳಿಯ ಸರ್ವಿಸ್ ಎದುರಿಸೋ ತಂಡ ಸರ್ವಿಸ್ ಗೆದ್ದ ತಕ್ಷಣ, 1ನೇ ಸ್ಥಾನದವನೇ ತಿರುಗದೆ ಚೆಂಡು ಹಿಡ್ಕೊಂಡು ಹೋಗಿಬಿಡ್ತಾನೆ. ಯಾರು ಯಾವ ಸ್ಥಾನ ಅಂತ ಮೊದಲೇ ಬರೆದುಕೊಟ್ಟ ರೊಟೇಶನ್ ಚೀಟಿಯಲ್ಲಿ 2ರಲ್ಲಿರೋ ಹುಡುಗನ ಸರದಿ ಅದು. ಸ್ಕೋರರ್ ಇದನ್ನ ಹಿಡಿಯಬೇಕು, ಅದೂ ಚೆಂಡು ಹೊಡೆದ ತಕ್ಷಣ ಗಂಟೆ ಬಾರಿಸಿ. ಹೊಡೆಯೋಕೆ ಮುಂಚೆ "ಏಯ್, ಏಳು ನಂಬರ್, ನಿನ್ನ ಸರದಿ ಅಲ್ಲ ಕಣೋ" ಅಂತ ಕೂಗಿದ್ರೆ ಒಂದು ತಂಡಕ್ಕೆ ಸಹಾಯ ಮಾಡಿದಂಗೆ.

ತಡವಾಗಿ ಗೊತ್ತಾದ್ರೆ ಏನು? ತಪ್ಪು ಶುರುವಾದ ಕ್ಷಣದಿಂದ ಆ ತಂಡ ಗಳಿಸಿದ ಅಂಕ ರದ್ದು, ಎದುರಾಳಿಯ ಅಂಕ ಉಳಿಯುತ್ತೆ, ಜೊತೆಗೆ ಅವರಿಗೆ ಒಂದು ಅಂಕ ಮತ್ತು ಸರ್ವಿಸ್. ಯಾವಾಗ ಶುರುವಾಯ್ತು ಅಂತ ಶೀಟ್ ಹೇಳದಿದ್ರೆ ಬರೀ ಒಂದು ಅಂಕ ಮತ್ತು ಸರ್ವಿಸ್. ಅಂದ್ರೆ ಯಾವ ಅಂಕದಲ್ಲಿ ಯಾರು ಸರ್ವಿಸ್ ಮಾಡಿದ್ರು ಅನ್ನೋದು ಬರೆದಿಲ್ಲದ ಶೀಟ್, ನಾಲ್ಕೈದು ಅಂಕಗಳ ನ್ಯಾಯವನ್ನೇ ನುಂಗಿಬಿಡುತ್ತೆ. ಅದಕ್ಕೇ ಕೆಲಸ ಇಬ್ಬರಿಗೆ ಹಂಚಿ. ಒಬ್ಬಳು ಬರೀಲಿ. ಇನ್ನೊಬ್ಬಳು ರೊಟೇಶನ್ ಚೀಟಿ ಎದುರಿಗಿಟ್ಕೊಂಡು, ಪ್ರತಿ ಸರ್ವಿಸ್‌ಗೂ ಬರೆಯೋಳಿಗೆ ಮಾತ್ರ ಕೇಳೋ ಹಾಗೆ "ಸರ್ವಿಸ್ ಏಳು" ಅಂತ ಹೇಳಲಿ. ಹಿಂದಿನ ಸಾಲಲ್ಲಿ ಮಾತ್ರ ಆಡೋ ಲಿಬೆರೋ ಯಾರ ಬದಲಿಗೆ ಬಂದಿದ್ದಾಳೆ ಅನ್ನೋ ಲೆಕ್ಕವೂ ಇವಳದ್ದೇ. ಬೋರ್ಡಿನ ಹುಡುಗ ಗದ್ದಲದಲ್ಲಿ ಒಂದು ಎಲೆ ಹೆಚ್ಚು ತಿರುಗಿಸಿಯೇ ತಿರುಗಿಸ್ತಾನೆ. ಟೈಮ್ ಔಟ್ ಸಿಕ್ಕಿದಾಗೆಲ್ಲ ಶೀಟಿಗೂ ಬೋರ್ಡಿಗೂ ತಾಳೆ ನೋಡಿ. ಜಗಳ ಬಂದ್ರೆ ಶೀಟೇ ಪ್ರಮಾಣ.

ನೆಟ್ ಕೂಡ ಸೋತ ತಂಡದವರೇ ಅಳೀಲಿ. ಒಂದು ಪಿವಿಸಿ ಪೈಪಿಗೆ ಹುಡುಗಿಯರ 2.24 ಮತ್ತು ಹುಡುಗರ 2.43 ಮೀಟರಿಗೆ ಬಣ್ಣದ ಗುರುತು ಹಾಕಿಟ್ರೆ ಸಾಕು. ಕಿರಿಯರ ವಿಭಾಗದ ಎತ್ತರ ಬೇರೆ ಇದ್ರೆ ಅದು ಪಂದ್ಯಾವಳಿಯ ಸುತ್ತೋಲೆಯಲ್ಲಿರಬೇಕು, ಅದಕ್ಕೂ ಒಂದು ಗುರುತು. ನಡುವೆ ಅಳೆದು, ಆಮೇಲೆ ಎರಡೂ ಸೈಡ್ ಲೈನ್ ಮೇಲೆ ಅಳೀಬೇಕು. ಅವೆರಡೂ ಸಮ ಇರಬೇಕು, ನಿಗದಿಗಿಂತ 2 ಸೆಂಟಿಮೀಟರ್ ಮೀರಬಾರದು. ಹುಡುಗಿಯರ ಪಂದ್ಯ ಮುಗಿದು ಹುಡುಗರದ್ದು ಶುರುವಾದಾಗ 19 ಸೆಂಟಿಮೀಟರ್ ಎತ್ತೋದನ್ನ ಮರೆಯೋ ಕೋರ್ಟುಗಳಿಗೆ ಬರವಿಲ್ಲ.

ಮಕ್ಕಳ ಕೈಗೆ ಕೊಡಬಾರದ್ದು ಮೊದಲ ರೆಫರಿಯ ವಿಸಲ್. ಅದು ದೊಡ್ಡವರದ್ದೇ. ಎರಡನೇ ರೆಫರಿ ಕೆಲಸ ಪ್ರೌಢಶಾಲೆಯ ಕೊನೇ ವರ್ಷದ ಚುರುಕು ಹುಡುಗಿಗೆ ಕೊಡಬಹುದು, ಹಿಂದೆ ಒಬ್ಬ ಶಿಕ್ಷಕರು ನಿಂತಿದ್ರೆ. ಅವಳು ನೋಡಬೇಕಾದ್ದು ನೆಟ್ ಮತ್ತು ಸೆಂಟರ್ ಲೈನ್. ಚೆಂಡು ದಾಟಿ ಹೋದಮೇಲೂ ಒಂದು ಕ್ಷಣ ಕಣ್ಣು ನೆಟ್ ಮೇಲೇ ಇರಬೇಕು, ಬ್ಲಾಕ್ ಮಾಡಿದವರು ನೆಟ್ ತಾಗೋದು ಕೆಳಗಿಳಿಯುವಾಗ.

ದೊಡ್ಡವರ ಬಗ್ಗೆಯೂ ಒಂದು ಮಾತು. ಮೊದಲ ಹೊಡೆತದಲ್ಲಿ ಚೆಂಡು ಒಂದೇ ಪ್ರಯತ್ನದಲ್ಲಿ ಕೈಗೂ ಭುಜಕ್ಕೂ ತಾಗಿದ್ರೆ ಅದು ಡಬಲ್, ಅಂದ್ರೆ ಒಬ್ಬರೇ ಎರಡು ಸಲ ಮುಟ್ಟಿದ ತಪ್ಪು, ಅಲ್ಲ. ನಿಯಮ ಸ್ಪಷ್ಟವಾಗಿದೆ. ಆದ್ರೂ ಸಣ್ಣ ಮಕ್ಕಳ ಪಂದ್ಯದಲ್ಲಿ ಸದ್ದು ಕೇಳಿದ ಕೂಡಲೇ ವಿಸಲ್ ಊದ್ತಾರೆ, ರ‍್ಯಾಲಿ ಹುಟ್ಟೋ ಮುಂಚೆಯೇ ಸಾಯುತ್ತೆ. ಅಕ್ಕಪಕ್ಕದ ಕೋರ್ಟುಗಳಲ್ಲಿ ಒಂದೇ ಥರ ವಿಸಲ್ ಬೇರೆ. ಅಲ್ಲಿ ಊದಿದ್ದಕ್ಕೆ ಇಲ್ಲಿ ಆಟ ನಿಲ್ಲುತ್ತೆ. ಒಂದು ಕೋರ್ಟಿಗೆ ಒಳಗೆ ಸಣ್ಣ ಗುಂಡು ಇರೋ ವಿಸಲ್, ಇನ್ನೊಂದಕ್ಕೆ ಗುಂಡಿಲ್ಲದ್ದು. ಬಗೆಹರೀತು.

"ಮಕ್ಕಳು ತಪ್ಪು ಮಾಡಿದ್ರೆ?" ಮಾಡ್ತಾರೆ. ಅದಕ್ಕೇ ಬಾವುಟದ ತೀರ್ಪನ್ನ ಬದಲಿಸೋ ಅಧಿಕಾರ ಮೊದಲ ರೆಫರಿಗಿದೆ. ಬದಲಿಸಲಿ, ಆದ್ರೆ ಕೈಸನ್ನೆಯಲ್ಲಿ ಮುಗಿಸಲಿ, ಮೂಲೆಯಲ್ಲಿ ನಿಂತ ಮಗುವನ್ನ ಎಲ್ಲರೆದುರು ಗದರಬಾರದು. ಪ್ರೈಮ್ ವಾಲಿಬಾಲ್ ಲೀಗ್ ನೋಡಿ ಬೆಳೆದ ಹುಡುಗರು ಗಾಳಿಯಲ್ಲಿ ಟಿವಿ ಚೌಕ ಬರೆದು ರಿವ್ಯೂ ಕೇಳ್ತಾರೆ, ಆ ಲೀಗಿನಲ್ಲಿ ಎರಡು ಅಂಕ ತರೋ ಸೂಪರ್ ಪಾಯಿಂಟ್ ಕೂಡ ಕೇಳ್ತಾರೆ. ತಮಾಷೆಯಾಗಿದ್ರೆ ನಕ್ಕು ಬಿಡಿ. ತೀರ್ಪಿನ ಬಗ್ಗೆ ರೆಫರಿ ಹತ್ತಿರ ಮಾತಾಡೋ ಹಕ್ಕು ಕ್ಯಾಪ್ಟನ್‌ಗೆ ಮಾತ್ರ. ಬೆಂಚಿನಿಂದ ಬಾವುಟದ ಹುಡುಗಿಗೆ ಬೈಗುಳ ಬಂತೋ, ಕೆಂಪು ಕಾರ್ಡ್ ತೆಗೀರಿ: ಎದುರಾಳಿಗೆ ಒಂದು ಅಂಕ, ಸರ್ವಿಸ್. ಬೈದದ್ದು ಕೋಚ್ ಆದ್ರೂ ಅಷ್ಟೇ. ಬೆಳಿಗ್ಗೆ ಮ್ಯಾನೇಜರ್‌ಗಳ ಸಭೆಯಲ್ಲೇ ಇದನ್ನ ಹೇಳಿಬಿಡಿ. ಬೇಲಿ ಆಚೆ ಕೂಗೋ ಊರಿನವರನ್ನ ಸುಮ್ಮನಾಗಿಸೋದು ಆಯೋಜಕರ ಪಾಲಿನ ಕೆಲಸ.

ದೂರದ ಊರಿನ ತಂಡಗಳ ಕಷ್ಟ ಮಾತ್ರ ನಿಜ. ಕೊನೇ ಬಸ್ ಹಿಡಿಯಬೇಕಾದ ಹುಡುಗಿಯರನ್ನ ಯಾವ ಕಾರಣಕ್ಕೂ ನಿಲ್ಲಿಸ್ಕೊಬೇಡಿ. ಅಂಥ ತಂಡಗಳ ಪಂದ್ಯಗಳನ್ನ ಡ್ರಾದಲ್ಲಿ ಬೆಳಗಿನ ಹೊತ್ತಿಗೆ ಹಾಕಿ. ಒಂದು ತಂಡಕ್ಕೆ ಒಂದೇ ಪಂದ್ಯದ ಕೆಲಸ. ಸಂಜೆ ನಾಲ್ಕರ ಮೇಲೆ ಆತಿಥೇಯ ಶಾಲೆಯವರೇ ನೋಡ್ಕೊಳ್ಳಲಿ. ಸೆಮಿಫೈನಲ್ಲು, ಫೈನಲ್ಲಿಗೆ ಅನುಭವ ಇರೋ ಲೈನ್ ಜಡ್ಜ್‌ಗಳೇ ಇರಲಿ.

ಖರ್ಚಿನ ನೆಪ ಹೇಳೋ ಹಾಗಿಲ್ಲ. ಬಾವುಟದ ಅಳತೆ 40 ಸೆಂಟಿಮೀಟರ್ ಚೌಕ, ಒಂದು ಮೀಟರ್ ಕೆಂಪು ಬಟ್ಟೆಯಲ್ಲಿ ನಾಲ್ಕು ಬರುತ್ತೆ, ಅಂದ್ರೆ ಒಂದು ಕೋರ್ಟಿಗಾಯ್ತು. ಗಾಳಿಗೆ ಶೀಟ್ ಹಾರದ ಹಾಗೆ ಕ್ಲಿಪ್ ಹಲಗೆ, ಎರಡು ಪೆನ್ನು, ಒಂದು ಗಂಟೆ. ಪಂದ್ಯಕ್ಕೆ ಮುಂಚೆ ಹದಿನೈದು ನಿಮಿಷ ಕೋರ್ಟಿನ ಪಕ್ಕ ನಿಂತು ಐದೂ ಸಂಕೇತ ಮಾಡಿಸಿ ನೋಡಿ. ಎದೆ ಮೇಲೆ ಕೈ ಕತ್ತರಿ ಹಾಕೋಕೆ ನಾಚಿಕೊಳ್ಳೋ ಹುಡುಗನಿಗೆ ಚೆಂಡು ತರೋ ಕೆಲಸ ಕೊಡಿ, ಬಾವುಟ ಪಕ್ಕದವಳಿಗೆ ಹೋಗಲಿ.